ಐನೂರು ಸೀಟಿನ ಬಸ್ಸಿಗೆ ಪರ್ಮಿಟ್

(ಶಿವಮೊಗ್ಗದ ಓದುಗರ ಬಳಗವೊಂದರ ತಿಂಗಳ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಅಂಕಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಕಾರ್ಯದರ್ಶಿಗಳು ನನ್ನನ್ನು ಪರಿಚಯಿಸುವಾಗ ‘ವಿಮಾನ ತಜ್ಞರು’ ಎಂದರು. ಮೊದಲು ಅದನ್ನು ತಿದ್ದಿಬಿಡುತ್ತೇನೆ. ನಾನು ಸಿವಿಲ್ ಎಂಜಿನಿಯರ್. ಜಲ್ಲಿ, ಡಾಂಬರು, ಕಾಂಕ್ರೀಟುಗಳ ನಡುವೆ ಮೂವತ್ತು ವರ್ಷ ಕಳೆದು ನಿವೃತ್ತನಾದವನು. ಅದರಲ್ಲಿ ಕೆಲವು ವರ್ಷ ರನ್‌ವೇ, ಅಲ್ಲಿಗೆ ವಿಮಾನ ಹೋಗಿಬರುವ ದಾರಿಗಳಾದ ಟ್ಯಾಕ್ಸಿವೇಗಳ ಕೆಲಸ. ನೀವೆಲ್ಲ ವಿಮಾನವನ್ನು ತಲೆ ಎತ್ತಿ ನೋಡುತ್ತೀರಿ, ನಾನು ತಲೆ ತಗ್ಗಿಸಿ ಅದರ ಚಕ್ರ ನೋಡಿದವನು. ಹಾಗಾಗಿ ಇವತ್ತಿನ ಮಾತು ಆಕಾಶದ್ದಕ್ಕಿಂತ ಹೆಚ್ಚಾಗಿ ನೆಲದ್ದು, ನೆಲಕ್ಕಿಂತ ಹೆಚ್ಚಾಗಿ ಕಾಗದದ್ದು.

ವಿಷಯ ಏರ್‌ಬಸ್ ಎ380. ಪ್ರಯಾಣಿಕರನ್ನು ಹೊರುವ ವಿಮಾನಗಳಲ್ಲಿ ಇದಕ್ಕಿಂತ ದೊಡ್ಡದು ತಯಾರಾಗಿಲ್ಲ. ಮೇಲೆ ಕೆಳಗೆ ಎರಡು ಅಂತಸ್ತು. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 80 ಮೀಟರ್. ಬಾಲದ ಎತ್ತರ 24 ಮೀಟರ್, ಅಂದರೆ ಏಳೆಂಟು ಮಹಡಿಯ ಕಟ್ಟಡದಷ್ಟು. ಇದು 2005ರ ಏಪ್ರಿಲ್ 27ರಂದು ಫ್ರಾನ್ಸಿನ ಟುಲೂಸ್‌ನಲ್ಲಿ ಮೊದಲ ಬಾರಿಗೆ ಹಾರಿತು. 2007ರ ಅಕ್ಟೋಬರ್‌ನಲ್ಲಿ ಸಿಂಗಪುರ ಏರ್‌ಲೈನ್ಸ್ ಇದನ್ನು ಸಿಡ್ನಿಗೆ ಓಡಿಸಿ ವಾಣಿಜ್ಯ ಸೇವೆ ಆರಂಭಿಸಿತು. ನಮ್ಮ ದೇಶಕ್ಕೆ ಇದನ್ನು ತರುತ್ತೇವೆ, ಅನುಮತಿ ಕೊಡಿ ಎಂದು ಸಿಂಗಪುರ, ದುಬೈ, ಜರ್ಮನಿಗಳ ವಿಮಾನ ಸಂಸ್ಥೆಗಳು ಕೇಳಿಕೊಂಡವು. ಅನುಮತಿ ಬಂದದ್ದು 2014ರ ಜನವರಿಯಲ್ಲಿ. ನಡುವಿನ ಆ ವರ್ಷಗಳಲ್ಲಿ ತಡೆದದ್ದು ಏನು ಎಂಬುದೇ ನನ್ನ ಪ್ರಶ್ನೆ.

‘ಅಷ್ಟು ಭಾರ ನಮ್ಮ ರನ್‌ವೇ ತಡೆಯುತ್ತದೆಯೇ?’ ಎಂದು ಆಗ ಬಹಳ ಜನ ಕೇಳುತ್ತಿದ್ದರು. ನೆಂಟರ ಮದುವೆಗೆ ಹೋದರೂ ಇದೇ ಪ್ರಶ್ನೆ. ನನ್ನ ಕಸುಬಿನದ್ದಾದ್ದರಿಂದ ಲೆಕ್ಕ ಹೇಳುತ್ತೇನೆ, ಕಷ್ಟದ್ದೇನಲ್ಲ. ಎ380 ಹೆಚ್ಚೆಂದರೆ 575 ಟನ್ ತೂಗುತ್ತದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ರನ್‌ವೇಗೆ ವಿಮಾನದ ಒಟ್ಟು ತೂಕ ಗೊತ್ತಾಗುವುದಿಲ್ಲ, ಒಂದೊಂದು ಚಕ್ರ ಒತ್ತುವುದಷ್ಟೇ ಗೊತ್ತಾಗುತ್ತದೆ. ಈ ವಿಮಾನಕ್ಕೆ 22 ಚಕ್ರ. ಮೂಗಿನ ಕೆಳಗಿನ ಎರಡನ್ನು ಬಿಡಿ, ಅವು ಹೊರುವುದು ಕಡಿಮೆ. ಉಳಿದ 20 ಚಕ್ರಗಳಿಗೆ ಹಂಚಿದರೆ ತಲಾ ಇಪ್ಪತ್ತೆಂಟು ಟನ್ ಚಿಲ್ಲರೆ. ಈಗ ಬೋಯಿಂಗ್ 777-300ಇಆರ್ ತೆಗೆದುಕೊಳ್ಳಿ. ಗರಿಷ್ಠ ತೂಕ 351 ಟನ್, ಮುಖ್ಯ ಚಕ್ರಗಳು 12. ತಲಾ ಎಷ್ಟು ಬಂತು? ಇಪ್ಪತ್ತೊಂಬತ್ತು ಟನ್ ಚಿಲ್ಲರೆ, ಇನ್ನೂ ಹೆಚ್ಚು! ಇಲ್ಲಿ ಕುಳಿತ ಪಿಯುಸಿ ಹುಡುಗರು ಬೇಕಾದರೆ ಮೊಬೈಲಿನಲ್ಲಿ ಭಾಗಿಸಿ ನೋಡಲಿ. ಆ 777 ಆಗಲೇ ನಮ್ಮ ದೊಡ್ಡ ನಿಲ್ದಾಣಗಳಲ್ಲಿ ದಿನವೂ ಇಳಿಯುತ್ತಿತ್ತು, ಏರ್ ಇಂಡಿಯಾದ ಬಳಿಯೇ ಇತ್ತು. ಚಕ್ರಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ, ಕೆಳಗಿನ ಮಣ್ಣು ಎಂಥದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೂ ಭಾರದ ಮಾತನ್ನು ಅಲ್ಲಿಗೇ ಬಿಡಬಹುದಿತ್ತು. ಆನೆಯ ಕಾಲು ಅಗಲ, ಅದು ಹೂತುಹೋಗುವುದಿಲ್ಲ.

ನೆಲದವರಿಗೆ ನಿಜವಾದ ತಲೆನೋವು ಅಗಲ. ರೆಕ್ಕೆಯ ಹರವು 52ರಿಂದ 65 ಮೀಟರಿನ ಒಳಗಿದ್ದರೆ ವಿಮಾನ ‘ಇ’ ವರ್ಗ, 65ರಿಂದ 80ರವರೆಗೆ ‘ಎಫ್’ ವರ್ಗ. ಹಳೆಯ ಜಂಬೊ 747-400 ‘ಇ’ ಒಳಗೇ ಕುಳಿತಿತ್ತು. ಎ380 ಬರಬೇಕೆಂದರೆ ಪಕ್ಕಪಕ್ಕದ ಟ್ಯಾಕ್ಸಿವೇಗಳ ನಡುವೆ ಹೆಚ್ಚು ಜಾಗ ಬೇಕು, ನಿಲ್ಲುವ ಕಡೆ ಹೆಚ್ಚು ಜಾಗ ಬೇಕು. ಇನ್ನೊಂದು ಪೇಚು ಎಂಜಿನ್‌ಗಳದ್ದು. ಸಾಮಾನ್ಯವಾಗಿ ನಾವು ಹಾಕುವ ರನ್‌ವೇ 45 ಮೀಟರ್ ಅಗಲ. ಈ ವಿಮಾನದ ಎರಡು ಹೊರ ಎಂಜಿನ್‌ಗಳ ನಡುವಿನ ಅಂತರವೇ 50 ಮೀಟರ್ ದಾಟುತ್ತದೆ. ಅಂದರೆ ಚಕ್ರಗಳು ನಡುಗೆರೆಯ ಮೇಲೆ ಸರಿಯಾಗಿ ಓಡುತ್ತಿದ್ದರೂ ಹೊರ ಎಂಜಿನ್‌ಗಳು ಅಂಚಿನಾಚೆ ತೂಗುತ್ತಿರುತ್ತವೆ. ಅಲ್ಲಿ ಬರೀ ಮಣ್ಣು, ಹುಲ್ಲು ಇದ್ದರೆ ಕಲ್ಲು ಕಸವೆಲ್ಲ ಎಂಜಿನ್ನಿನ ಹೊಟ್ಟೆಗೆ. ಅದಕ್ಕೆ ಅಂಚಿನುದ್ದಕ್ಕೂ ಗಟ್ಟಿ ಪಟ್ಟಿ ಹಾಕಬೇಕು. ನಮ್ಮ ಭಾಷೆಯಲ್ಲಿ ಅದು ‘ಶೋಲ್ಡರ್’, ಭುಜ. ತಯಾರಕರೂ ಇದನ್ನು ಬಲ್ಲರು. ಇಳಿದ ಮೇಲೆ ವೇಗ ತಗ್ಗಿಸಲು ಗಾಳಿಯನ್ನು ಮುಂದಕ್ಕೆ ತಿರುಗಿಸುವ ವ್ಯವಸ್ಥೆಯನ್ನು ಅವರು ಒಳಗಿನ ಎರಡು ಎಂಜಿನ್‌ಗಳಿಗೆ ಮಾತ್ರ ಇಟ್ಟಿದ್ದಾರೆ.

ಅಗ್ನಿಶಾಮಕದ್ದು ಇನ್ನೂ ತಮಾಷೆ. ನಿಲ್ದಾಣದಲ್ಲಿ ಎಷ್ಟು ನೀರು, ಎಷ್ಟು ವಾಹನ ಸಿದ್ಧವಿರಬೇಕು ಎಂಬುದನ್ನು ವಿಮಾನದ ಉದ್ದ ಮತ್ತು ಒಡಲಿನ ಅಗಲ ನೋಡಿ ನಿರ್ಧರಿಸುತ್ತಾರೆ. ಉದ್ದದ ಲೆಕ್ಕದಲ್ಲಿ ಎ380 ಒಂಬತ್ತನೆಯ ದರ್ಜೆಗೇ ಸಲ್ಲುತ್ತಿತ್ತು. ಆದರೆ ಆ ದರ್ಜೆಗೆ ಒಡಲಿನ ಅಗಲದ ಮಿತಿ 7 ಮೀಟರ್. ಇದರದ್ದು 7.14. ಒಂದು ಗೇಣೂ ಇಲ್ಲದ ಆ ಹೆಚ್ಚುವರಿಗಾಗಿ ಹತ್ತನೆಯ ದರ್ಜೆ. ಸಿದ್ಧವಿರಬೇಕಾದ ನೀರು 24,300 ಲೀಟರಿನಿಂದ 32,300 ಲೀಟರಿಗೆ ಏರುತ್ತದೆ. ನಿಯಮ ಎಂದರೆ ನಿಯಮ.

ಇನ್ನು ಗಾಳಿ. ದೊಡ್ಡ ವಿಮಾನದ ರೆಕ್ಕೆಯ ಹಿಂದೆ ಸುಳಿ ಏಳುತ್ತದೆ, ಹಿಂದೆ ಬರುವ ಸಣ್ಣದನ್ನು ಅದು ಮಗುಚಬಲ್ಲದು. ಆದ್ದರಿಂದ ಎ380ರ ಪೈಲಟ್ ನಿಯಂತ್ರಣ ಗೋಪುರದೊಂದಿಗೆ ಮಾತನಾಡುವಾಗ ತನ್ನ ವಿಮಾನದ ಕರೆಹೆಸರಿನ ಕೊನೆಗೆ ‘ಸೂಪರ್’ ಎಂದು ಸೇರಿಸುತ್ತಾನೆ. ಜಂಭಕ್ಕಲ್ಲ, ಹಿಂದಿನವರು ದೂರ ಇರಲಿ ಎಂದು. ಇಳಿಯುವಾಗ 747ರ ಹಿಂದೆ ಬರುವ ಎ320ಯಂಥ ಸಣ್ಣ ವಿಮಾನ ಐದು ನಾಟಿಕಲ್ ಮೈಲಿ ಹಿಂದಿದ್ದರೆ ಸಾಕು, ಎ380ರ ಹಿಂದೆ ಏಳು ಬೇಕು. ಮುಂಬೈಯಂತಹ ಕಡೆ, ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಸುವ ಕಡೆ, ಈ ಎರಡು ಮೈಲಿಯೂ ದುಬಾರಿಯೇ.

ಇಷ್ಟೆಲ್ಲ ಇದ್ದರೂ ಇವೆಲ್ಲ ಹಣ ಹಾಕಿದರೆ ಮುಗಿಯುವ ಕೆಲಸಗಳು. ವಿಮಾನ ಇಳಿಯಬಲ್ಲದೆಂಬುದು 2007ರ ಮೇ ತಿಂಗಳಲ್ಲೇ ಸಾಬೀತಾಗಿತ್ತು. ಆಗ ಪ್ರದರ್ಶನಕ್ಕೆಂದು ಬಂದ ಎ380 ದೆಹಲಿ, ಮುಂಬೈಗಳಲ್ಲಿ ಇಳಿದು, ಜನರಿಂದ ಫೋಟೊ ತೆಗೆಸಿಕೊಂಡು ಹೋಗಿತ್ತು. ಹಾಗಾದರೆ ಕಡತ ಯಾಕೆ ಕುಳಿತಿತ್ತು?

ಇಲ್ಲಿ ಬಸ್ಸಿನ ಮಾತು ಬರುತ್ತದೆ. ಖಾಸಗಿ ಬಸ್ಸು ಏನೆಂದು ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ. ಸಾಗರದಿಂದ ಶಿವಮೊಗ್ಗಕ್ಕೆ ಬಸ್ಸು ಓಡಿಸಲು ಬಸ್ಸು ಕೊಂಡರೆ ಸಾಲದು, ಪರ್ಮಿಟ್ ಬೇಕು. ದಿನಕ್ಕೆ ಎಷ್ಟು ಟ್ರಿಪ್, ಯಾವ ಟೈಮಿಂಗ್, ಎಲ್ಲ ಅದರಲ್ಲಿ ಬರೆದಿರುತ್ತದೆ. ಐದು ನಿಮಿಷ ಮುಂಚೆ ಹೊರಟರೆ ಹಿಂದಿನ ಬಸ್ಸಿನ ಕಂಡಕ್ಟರ್ ಜಗಳಕ್ಕೆ ಬರುತ್ತಾನೆ. ದೇಶದೇಶಗಳ ನಡುವಿನ ವಿಮಾನವೂ ಹೀಗೆಯೇ. 1944ರ ಡಿಸೆಂಬರ್‌ನಲ್ಲಿ ಶಿಕಾಗೊದಲ್ಲಿ 52 ದೇಶಗಳು ಸಹಿ ಹಾಕಿದ ಒಪ್ಪಂದದ ಆರನೆಯ ವಿಧಿಯ ತಿರುಳು ಇಷ್ಟೇ: ಒಂದು ದೇಶದ ನಿಗದಿತ ವಿಮಾನ ಸೇವೆ ಇನ್ನೊಂದು ದೇಶದೊಳಕ್ಕೆ ಆ ದೇಶದ ಅನುಮತಿ ಇಲ್ಲದೆ ಬರುವಂತಿಲ್ಲ. ಆದ್ದರಿಂದ ಎರಡೆರಡು ದೇಶಗಳು ಕುಳಿತು ಲೆಕ್ಕ ಮಾಡಿಕೊಳ್ಳುತ್ತವೆ. ಕೆಲವರ ಜೊತೆ ವಾರಕ್ಕೆ ಇಷ್ಟು ಟ್ರಿಪ್ ಎಂಬ ಲೆಕ್ಕ, ಕೆಲವರ ಜೊತೆ ಇಷ್ಟು ಸೀಟು ಎಂಬ ಲೆಕ್ಕ.

ವ್ಯತ್ಯಾಸ ಗಮನಿಸಿ. ಟ್ರಿಪ್ ಲೆಕ್ಕದ ಪರ್ಮಿಟ್ ಇರುವವನು ಐವತ್ತು ಸೀಟಿನ ಬಸ್ಸು ತೆಗೆದು ನೂರು ಸೀಟಿನದು ತಂದರೆ ಕಾನೂನು ಮುರಿಯದೆಯೇ ಗಿರಾಕಿಗಳನ್ನು ದುಪ್ಪಟ್ಟು ಮಾಡಿಕೊಳ್ಳುತ್ತಾನೆ. ಸರ್ಕಾರದ ಹೆದರಿಕೆ ಇದು. ನೆಲ ಕುಸಿಯುತ್ತದೆಂದಲ್ಲ, ಆಗ ತನ್ನದೇ ಆಗಿದ್ದ ಏರ್ ಇಂಡಿಯಾ ಕುಸಿಯುತ್ತದೆಂದು. ನಮ್ಮ ಸಂಸ್ಥೆಗಳ ಬಳಿ ಅಂಥ ವಿಮಾನ ಒಂದೂ ಇರಲಿಲ್ಲ.

ಇರಬೇಕಾಗಿತ್ತು ಎನ್ನುವುದು ಬೇರೆ ಕಥೆ, ಅದೂ ನಮ್ಮ ಬೆಂಗಳೂರಿನದೇ. ಕಿಂಗ್‌ಫಿಷರ್ ಏರ್‌ಲೈನ್ಸ್ ದೇಶದೊಳಗೆ ಹಾರಲು ಶುರು ಮಾಡಿದ್ದು 2005ರ ಮೇ ತಿಂಗಳಲ್ಲಿ. ಮರುತಿಂಗಳು ಪ್ಯಾರಿಸ್ ವೈಮಾನಿಕ ಪ್ರದರ್ಶನದಲ್ಲಿ ಅದು ಐದು ಎ380 ಬೇಕೆಂದು ಹೇಳಿಬಿಟ್ಟಿತು! ಆಗಿನ ನಿಯಮದಂತೆ ಐದು ವರ್ಷ ದೇಶದೊಳಗೆ ಹಾರಿ, ಇಪ್ಪತ್ತು ವಿಮಾನ ಹೊಂದಿದವರಿಗೆ ಮಾತ್ರ ವಿದೇಶಕ್ಕೆ ಹೋಗಲು ಅವಕಾಶ. ತೊಟ್ಟಿಲಿನ ಕೂಸಿಗೆ ಮದುವೆ ಛತ್ರ ಗೊತ್ತು ಮಾಡಿದಂತೆ. ಆ ಐದು ವರ್ಷ ಕಾಯುವ ಬದಲು ಅವರು ತಮಗಿಂತ ಮೊದಲೇ ಹಾರುತ್ತಿದ್ದ ಏರ್ ಡೆಕ್ಕನ್ ಸಂಸ್ಥೆಯನ್ನು ತಮ್ಮದಾಗಿಸಿಕೊಂಡರು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಹಾರಿದ್ದೂ ಆಯಿತು, ಎ380ಗಿಂತ ಚಿಕ್ಕದಾದ ಎ330ರಲ್ಲಿ. 2012ರ ಅಕ್ಟೋಬರ್‌ನಲ್ಲಿ ಸಂಸ್ಥೆಯ ಹಾರಾಟವೇ ನಿಂತಿತು. ಎ380 ಒಂದೂ ಬರಲಿಲ್ಲ.

ಈಗ ಸೀಟಿನ ವಿಚಾರವನ್ನು ಕಣ್ಣಿಗೆ ಕಾಣುವಂತೆ ಹೇಳಬೇಕು. ಎರಡು ವರ್ಷದ ಹಿಂದೆ ಮಗನ ಮನೆಯಿಂದ ಮರಳುವಾಗ ಕೊಲ್ಲಿಯ ಒಂದು ಊರಿನಿಂದ ಇಂಥದೇ ವಿಮಾನದಲ್ಲಿ ಬಂದೆ. ಇಳಿದ ಮೇಲೆ ಸಾಮಾನು ಬರುವ ಬೆಲ್ಟಿನ ಸುತ್ತ ಮೂರು ಸುತ್ತು ಜನ. ಐನೂರು ಮಂದಿಯ ಪೆಟ್ಟಿಗೆ ಒಂದೇ ಕಡೆ ಬರಬೇಕಲ್ಲ. ನನ್ನ ಪಕ್ಕದಲ್ಲಿ ದಾವಣಗೆರೆಯ ಒಬ್ಬ ತಾಯಿ. ಎಪ್ಪತ್ತರ ಹತ್ತಿರ ವಯಸ್ಸು, ರೇಷ್ಮೆ ಸೀರೆಯ ಮೇಲೆ ಮಗಳ ಸ್ವೆಟರ್, ಕಾಲಿಗೆ ಬಿಳಿ ಬೂಟು. ಕಪ್ಪು ಸೂಟ್‌ಕೇಸ್ ಬಂದಾಗಲೆಲ್ಲ ಎರಡು ಹೆಜ್ಜೆ ಮುಂದೆ ಹೋಗಿ ಹಿಂದೆ ಬರುತ್ತಿದ್ದರು. ‘ಹಿಡಿಗೆ ಕೆಂಪು ಬ್ಲೌಸ್ ಪೀಸು ಕಟ್ಟಿದ್ದೇನಪ್ಪಾ, ಎಲ್ಲರೂ ಅದನ್ನೇ ಕಟ್ಟಿದ್ದಾರೆ’ ಎಂದರು. ನೋಡಿದರೆ ಹೌದು, ಕೆಂಪು ಬಟ್ಟೆ ಕಟ್ಟಿದ ಕಪ್ಪು ಪೆಟ್ಟಿಗೆಗಳು ಒಂದರ ಹಿಂದೊಂದು ಬರುತ್ತಿದ್ದವು.

‘ದುಬೈ ಹೇಗಿತ್ತಮ್ಮಾ?’ ಎಂದು ಕೇಳಿದೆ.

‘ದುಬೈ ಎಲ್ಲಿ ನೋಡಿದೆ? ಮೂರು ತಾಸು ಒಂದು ಕುರ್ಚಿಯ ಮೇಲೆ ಕೂತಿದ್ದೆ. ಡಲ್ಲಾಸಿನಿಂದ ಬರುತ್ತಿದ್ದೇನೆ, ಮಗಳ ಬಾಣಂತನಕ್ಕೆ ಹೋಗಿದ್ದೆ.’

ಸುಮ್ಮನೆ ನಿಂತಿರುವ ಬದಲು ಸುತ್ತಲಿನವರನ್ನು ಕೇಳುತ್ತಾ ಹೋದೆ. ಒಬ್ಬರು ಮ್ಯಾಂಚೆಸ್ಟರ್, ಒಬ್ಬರು ಟೊರೊಂಟೊ, ಗಂಡಹೆಂಡತಿ ಇಬ್ಬರು ಜೋಹಾನ್ಸ್‌ಬರ್ಗ್. ಹತ್ತು ಜನರನ್ನು ಕೇಳಿದರೆ ದುಬೈನಲ್ಲೇ ಕೆಲಸಕ್ಕಿರುವವರು ಮೂವರು ಸಿಕ್ಕರು. ಇದನ್ನು ಅಂಕಿಅಂಶ ಎನ್ನಬೇಡಿ, ಬೆಲ್ಟಿನ ಪಕ್ಕದ ಹರಟೆ. ಆದರೆ ಆ ತಾಯಿಯೇ ಇಡೀ ಜಗಳದ ತಿರುಳು. ಕಾಗದದ ಮೇಲೆ ಅವರು ಭಾರತ-ದುಬೈ ಪ್ರಯಾಣಿಕರು. ನಿಜದಲ್ಲಿ ದಾವಣಗೆರೆ-ಡಲ್ಲಾಸ್ ಪ್ರಯಾಣಿಕರು. ನಮ್ಮ ದೇಶದಿಂದ ಅಮೆರಿಕಕ್ಕೆ ಹೋಗುವ ಟಿಕೆಟ್ಟಿನ ಹಣ ನಡುದಾರಿಯಲ್ಲಿ ಇನ್ನೊಬ್ಬರ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಇದನ್ನೇ ವಿಮಾನಯಾನದವರು ‘ಆರನೆಯ ಸ್ವಾತಂತ್ರ್ಯ’ ಎನ್ನುತ್ತಾರೆ: ಪರದೇಶದವರನ್ನು ತನ್ನ ಊರಿಗೆ ತಂದು, ಅಲ್ಲಿಂದ ಮೂರನೆಯ ದೇಶಕ್ಕೆ ಒಯ್ಯುವುದು. ಅದಕ್ಕೆ ಹೇಳಿ ಮಾಡಿಸಿದ ವಾಹನ ಈ ವಿಮಾನ. ದುಬೈನ ಎಮಿರೇಟ್ಸ್ ಇದನ್ನು ಒಂದಲ್ಲ ಎರಡಲ್ಲ, 123 ಕೊಂಡಿತು. ವಿಮಾನ ಸಂಸ್ಥೆಗಳ ಕೈಸೇರಿದ್ದೇ ಒಟ್ಟು 251.

ನಮ್ಮ ಸರ್ಕಾರ ತಡೆದದ್ದು ತಪ್ಪೇ? ನಾನು ಎರಡೂ ಕಡೆ ವಾಲಿದ್ದೇನೆ, ಮುಚ್ಚಿಡುವುದಿಲ್ಲ. ಅಂಗಡಿ ತನ್ನದಾದಾಗ ಎದುರಿನ ಅಂಗಡಿಗೆ ಬಾಗಿಲು ಅಗಲ ಮಾಡಿಕೊಡುವವರು ಯಾರೂ ಇಲ್ಲ. ಆದರೆ ಆ ತಾಯಿಯಂಥವರನ್ನು ಬೆಂಗಳೂರಿನಿಂದ ನೇರ ಅಮೆರಿಕಕ್ಕೆ ಕರೆದೊಯ್ಯುವ ನಮ್ಮದೇ ವಿಮಾನ ತಡೆದ ಆ ವರ್ಷಗಳಲ್ಲಿ ಇರಲಿಲ್ಲ. ಏರ್ ಇಂಡಿಯಾದ ಸ್ಯಾನ್‌ಫ್ರಾನ್ಸಿಸ್ಕೊ-ಬೆಂಗಳೂರು ಸೇವೆ, ಮಹಿಳಾ ಪೈಲಟ್‌ಗಳೇ ನಡೆಸಿದ ಆ ಮೊದಲ ಹಾರಾಟ, ಬಂದದ್ದು 2021ರ ಜನವರಿಯಲ್ಲಿ. ತಾನೂ ಬಸ್ಸು ಬಿಡದೆ, ಬಿಡುವವನಿಗೂ ಪರ್ಮಿಟ್ ಕೊಡದಿದ್ದರೆ ನಿಲ್ದಾಣದಲ್ಲಿ ಕಾಯುವವರು ಯಾರು?

2014ರ ಜನವರಿ 27ರಂದು ಬಂದ ಆದೇಶವನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದರ ಜಾಣತನ ಕಾಣುತ್ತದೆ. ಅಜಿತ್ ಸಿಂಗ್ ಆಗ ನಾಗರಿಕ ವಿಮಾನಯಾನ ಸಚಿವರು. ದೆಹಲಿ, ಮುಂಬೈ, ಬೆಂಗಳೂರು, ಹೈದರಾಬಾದ್ ಈ ನಾಲ್ಕು ಕಡೆಗೆ ಎ380 ತರಬಹುದು, ಆದರೆ ಆಯಾ ದೇಶದೊಂದಿಗಿನ ಒಪ್ಪಂದದ ಒಟ್ಟು ಮಿತಿಯೊಳಗೇ ತರಬೇಕು. ಅಂದರೆ ದೊಡ್ಡ ಬಸ್ಸು ತಂದುಕೊಳ್ಳಿ, ಗಿರಾಕಿಗಳ ಸಂಖ್ಯೆ ಅಷ್ಟೇ. ದುಬೈನೊಂದಿಗಿನ ಒಪ್ಪಂದ ಸೀಟಿನ ಲೆಕ್ಕದ್ದು, ವಾರಕ್ಕೆ ಒಂದೊಂದು ಕಡೆಗೆ ಸುಮಾರು 65,000. ಐನೂರು ಸೀಟಿನ ವಿಮಾನ ದಿನಕ್ಕೊಂದು ಬಂದರೆ ವಾರಕ್ಕೆ 3,500 ಸೀಟು ಅದಕ್ಕೇ ಹೋಯಿತು. ಉಳಿದವನ್ನು ಬೇರೆ ಊರುಗಳಿಗೆ ಹಂಚಿಕೊಳ್ಳುವುದು ಅವರ ಪಾಡು. ವಿಮಾನದ ಮೇಲಿನ ನಿಷೇಧ ಹೋಯಿತು, ಬೇಲಿ ಹಾಗೇ ಉಳಿಯಿತು.

ಆ ವರ್ಷದ ಮೇ ಕೊನೆಯಲ್ಲಿ ಸಿಂಗಪುರದವರು ದೆಹಲಿ, ಮುಂಬೈಗೆ, ಜುಲೈನಲ್ಲಿ ಎಮಿರೇಟ್ಸ್ ಮುಂಬೈಗೆ, ಅಕ್ಟೋಬರ್‌ನಲ್ಲಿ ಲುಫ್ತಾನ್ಸಾ ದೆಹಲಿಗೆ ತಂದರು. ನಮ್ಮ ಬೆಂಗಳೂರು? ಪಟ್ಟಿಯಲ್ಲಿ ಹೆಸರಿತ್ತು, ವಿಮಾನ ಬರಲಿಲ್ಲ. ಒಂದು ವರ್ಷವಲ್ಲ, ಎಂಟೂವರೆ ವರ್ಷಕ್ಕೂ ಹೆಚ್ಚು. 2019ರ ಡಿಸೆಂಬರ್‌ನಲ್ಲಿ ದೇವನಹಳ್ಳಿಯಲ್ಲಿ 4,000 ಮೀಟರಿನ ಎರಡನೆಯ ರನ್‌ವೇ ಬಂತು. ಆಮೇಲೆ ಕೊರೊನಾ. ಕೊನೆಗೆ 2022ರ ಅಕ್ಟೋಬರ್ 14ರಂದು ಎಮಿರೇಟ್ಸ್‌ನ ಎ380 ಬೆಂಗಳೂರಿನಲ್ಲಿ ಇಳಿಯಿತು, ಆ ತಿಂಗಳ ಕೊನೆಯಿಂದ ದಿನವಹಿ ಸೇವೆಯಾಯಿತು. ಅಂದರೆ ಅನುಮತಿ ಸಿಕ್ಕ ಮಾತ್ರಕ್ಕೆ ವಿಮಾನ ಬರುವುದಿಲ್ಲ. ಒಂದು ಊರಿನಿಂದ ದಿನವೂ ಐನೂರು ಜನ ಒಂದೇ ಹೊತ್ತಿಗೆ ಹೊರಡಬೇಕು.

ಈ ವಿಮಾನ ಸೋತದ್ದೂ ಅಲ್ಲಿಯೇ. ನಾವು ಅನುಮತಿ ಕೊಟ್ಟು ಐದು ವರ್ಷವಾಗಿತ್ತು, 2019ರ ಫೆಬ್ರವರಿಯಲ್ಲಿ ಏರ್‌ಬಸ್ ಇನ್ನು ಇದನ್ನು ತಯಾರಿಸುವುದಿಲ್ಲ ಎಂದಿತು. ಕೊನೆಯದು 2021ರ ಡಿಸೆಂಬರ್‌ನಲ್ಲಿ ಎಮಿರೇಟ್ಸ್ ಕೈಸೇರಿತು. ಸಿಂಗಪುರದವರು ಹತ್ತು ವರ್ಷ ಹಾರಿಸಿ ಮರಳಿಸಿದ ಮೊದಮೊದಲ ಎರಡನ್ನು ಫ್ರಾನ್ಸಿನ ತಾರ್ಬ್‌ನಲ್ಲಿ ಬಿಚ್ಚಿ ಬಿಡಿಭಾಗವಾಗಿ ಮಾರಿದರು. ಹತ್ತು ವರ್ಷಕ್ಕೆ ಗುಜರಿ! ನಮ್ಮ ಕೆಲವು ಸರ್ಕಾರಿ ಬಸ್ಸುಗಳು ಇದಕ್ಕಿಂತ ಹೆಚ್ಚು ಕಾಲ ಓಡುತ್ತವೆ. ನಾಲ್ಕು ಎಂಜಿನ್ ಕುಡಿಯುವ ಇಂಧನ ಒಂದು ಕಾರಣ. ಎರಡೇ ಎಂಜಿನ್ನಿನ ಬೋಯಿಂಗ್ 787, ಏರ್‌ಬಸ್ ಎ350ಗಳು ಮುನ್ನೂರು ಜನರನ್ನು ನಡುವೆ ಎಲ್ಲೂ ಇಳಿಸದೆ ದೂರದೂರಕ್ಕೆ ಒಯ್ಯತೊಡಗಿದ್ದು ಇನ್ನೊಂದು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೋಯಿಂಗ್‌ನವರು 777ರ ಹೊಸ ತಳಿಯಲ್ಲಿ ಮಾಡಿರುವ ಉಪಾಯ. ಆ ವಿಮಾನದ ರೆಕ್ಕೆ 71.8 ಮೀಟರ್, ‘ಎಫ್’ ವರ್ಗಕ್ಕೆ ಬೀಳಬೇಕು. ಇಳಿದ ಮೇಲೆ ಅದು ಎರಡೂ ತುದಿಗಳನ್ನು ಮೇಲಕ್ಕೆ ಮಡಚಿಕೊಳ್ಳುತ್ತದೆ, ಆಗ 64.8 ಮೀಟರ್. ‘ಇ’ ವರ್ಗಕ್ಕೆ ಇಪ್ಪತ್ತು ಸೆಂಟಿಮೀಟರ್ ಒಳಗೆ! ತುಂಬಿದ ಬಸ್ಸಿನಲ್ಲಿ ಮೊಣಕೈ ಒಳಗೆಳೆದುಕೊಂಡು ಜಾಗ ಮಾಡಿಕೊಳ್ಳುವ ಪ್ರಯಾಣಿಕನ ಹಾಗೆ. ಅದಕ್ಕಾಗಿ ಯಾವ ನಿಲ್ದಾಣವೂ ತನ್ನ ಟ್ಯಾಕ್ಸಿವೇ ಸರಿಸಬೇಕಿಲ್ಲ. ಏರ್ ಇಂಡಿಯಾ ಕೂಡ 2023ರಲ್ಲಿ ಇಂಥ ಹತ್ತು ವಿಮಾನ ಬೇಕೆಂದು ಹೇಳಿಟ್ಟಿದೆ.

ಸೀಟಿನ ಜಗಳ ಮಾತ್ರ ಮಡಚಿಕೊಂಡಿಲ್ಲ. ದುಬೈನವರು ವಾರಕ್ಕೆ ಇನ್ನೂ 50,000 ಸೀಟು ಕೇಳಿದರು. ಸದ್ಯಕ್ಕೆ ಹೆಚ್ಚಿಸುವ ಯೋಚನೆ ಇಲ್ಲ ಎಂದು ಆಗ ಸಚಿವರಾಗಿದ್ದ ಜ್ಯೋತಿರಾದಿತ್ಯ ಸಿಂಧಿಯಾ 2023ರಲ್ಲಿ ಹೇಳಿದರು. ಅಂಗಡಿ ಈಗ ಸರ್ಕಾರದ್ದಲ್ಲ, ಟಾಟಾ ಅವರದ್ದು. ಆದರೂ ಬಾಗಿಲು ಎಷ್ಟು ಅಗಲವಿರಬೇಕೆಂದು ಹೇಳುವವರು ದೆಹಲಿಯವರೇ.

ನನ್ನ ಮಾತು ಮುಗಿಯಿತು ಎಂದು ಕುಳಿತಾಗ ಹಿಂದಿನ ಸಾಲಿನ ಒಬ್ಬ ಪಿಯುಸಿ ಹುಡುಗ ಎದ್ದು ನಿಂತ. ಮೊಬೈಲಿನಲ್ಲಿ ಭಾಗಿಸಿ ನೋಡಿದವನು ಅವನೇ.

‘ಸರ್, ನಮ್ಮ ಸೋಗಾನೆಗೆ ಎ380 ಬರಬಹುದೇ?’

ಸಭೆಯಲ್ಲಿ ನಗು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಸೋಗಾನೆಯಲ್ಲಿರುವ ಶಿವಮೊಗ್ಗ ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್, ನಮ್ಮ ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇಷ್ಟು ಉದ್ದದ್ದು ಇನ್ನೊಂದಿಲ್ಲ. ನಾನು ಒಂದೊಂದಾಗಿ ಹೇಳಿದೆ. ಭುಜ ಸಾಲದು. ಹೊರಳಿ ನಿಲ್ಲಲು ಜಾಗ ಸಾಲದು. ಹತ್ತನೆಯ ದರ್ಜೆಯ ಅಗ್ನಿಶಾಮಕ ಇಲ್ಲ. ಮೇಲಂತಸ್ತಿನಿಂದ ಜನರನ್ನು ಇಳಿಸುವ ಏಣಿ ಇಲ್ಲ. ವಿದೇಶದಿಂದ ಬಂದವರ ಪಾಸ್‌ಪೋರ್ಟ್ ನೋಡುವವರಿಲ್ಲ. ಇಲ್ಲಿಗೆ ಬರುವ ಎಟಿಆರ್ ಎಂಬ ಸಣ್ಣ ವಿಮಾನದಲ್ಲಿ 78 ಸೀಟು, ಆರು ಎಟಿಆರ್ ತುಂಬಿಸಿದರೂ ಈ ವಿಮಾನ ತುಂಬುವುದಿಲ್ಲ.

ಹುಡುಗ ಎಲ್ಲವನ್ನೂ ಕೇಳಿಸಿಕೊಂಡ, ಕುಳಿತುಕೊಳ್ಳಲಿಲ್ಲ.

‘ಅದೆಲ್ಲ ಇಳಿದ ಮೇಲಿನ ಮಾತು ಸರ್. ಇಳಿಯುವುದಂತೂ ಇಳಿಯುತ್ತದಲ್ಲ?’

3,200 ಮೀಟರ್. ಖಾಲಿ ವಿಮಾನ, ಒಣ ರನ್‌ವೇ, ಒಳ್ಳೆಯ ಪೈಲಟ್. ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

‘ಇಳಿಯುತ್ತದೆ’ ಎಂದೆ.